ಗಂಡಸರ ಕಾಯಿಲೆಯೇ ಇದು?

ಪ್ರಶ್ನೆ: ನನ್ನ ಯಜಮಾನರು ಮುಂಬೈಯ ಕಲ್ನಾರು ಸಿಮೆಂಟ್ ಶೀಟಿನ ಕಾರ್ಖಾನೆಯಲ್ಲಿ 22 ವರ್ಷ ದುಡಿದು ನಿವೃತ್ತರಾದವರು. ಬಿಳಿ ಧೂಳು ಮೆತ್ತಿದ ಅವರ ಬಟ್ಟೆಯನ್ನು ದಿನಾ ಕೊಡವಿ ಒಗೆಯುತ್ತಿದ್ದವಳು ನಾನು. ಕಲ್ನಾರಿನಿಂದ ಬರುವ ಮೀಸೋಥೀಲಿಯೋಮ ಎಂಬ ಕ್ಯಾನ್ಸರು ಗಂಡಸರದು, ನಿನಗೇಕೆ ಚಿಂತೆ ಅನ್ನುತ್ತಾನೆ ಮಗ. ನನಗೆ ಸಮಾಧಾನವಿಲ್ಲ. ಯಜಮಾನರಿಗೆ ಈಚೆಗೆ ಸ್ವಲ್ಪ ದಮ್ಮು, ಅದು ಬೀಡಿಯದು ಬಿಡಿ.

ಉತ್ತರ: ಮಗ ಹೇಳಿದ್ದರಲ್ಲಿ ಅರ್ಧ ನಿಜ, ತಾಯಿ. ಬ್ರಿಟನ್ನಿನಲ್ಲಿ ಈ ರೋಗಕ್ಕೆ ವರ್ಷಕ್ಕೆ 2,000ಕ್ಕೂ ಹೆಚ್ಚು ಜನ ಬಲಿಯಾಗುತ್ತಾರೆ; ಐವರಲ್ಲಿ ನಾಲ್ವರಿಗೂ ಮೇಲ್ಪಟ್ಟು ಗಂಡಸರೇ. ಹಡಗು ಕಟ್ಟಿದವರು, ಬಾಯ್ಲರಿಗೆ ಕಲ್ನಾರು ಸುತ್ತಿದವರು, ಬಡಗಿಗಳು, ಪ್ಲಂಬರುಗಳು. ಧೂಳು ಕುಡಿದವರು ಅವರು, ಲೆಕ್ಕಕ್ಕೆ ಸಿಕ್ಕವರೂ ಅವರೇ. ಆದರೆ ಟರ್ಕಿಯ ಕಪಡೋಕಿಯದ ಕರಾಯಿನ್, ತುಜ್‌ಕೊಯ್ ಹಳ್ಳಿಗಳಲ್ಲಿ ಮನೆ ಕಟ್ಟುವ ಕಲ್ಲಿನಲ್ಲೇ ಎರಿಯೋನೈಟ್ ಎಂಬ, ಕಲ್ನಾರಿನಂಥದೇ ನಾರಿತ್ತು. ಹುಟ್ಟಿದಂದಿನಿಂದ ಎಲ್ಲರೂ ಅದನ್ನೇ ಉಸಿರಾಡುತ್ತಿದ್ದುದರಿಂದ ಅಲ್ಲಿ ಹೆಣ್ಣು ಗಂಡಿನ ಲೆಕ್ಕ ಹೆಚ್ಚುಕಡಿಮೆ ಸಮವಾಗಿತ್ತು.

ನಿಮ್ಮ ಕಥೆಗೆ ತೀರ ಹತ್ತಿರದ್ದು 1965ರಲ್ಲಿ ಲಂಡನ್ನಿನಲ್ಲಿ ಮ್ಯೂರಿಯಲ್ ನ್ಯೂಹೌಸ್, ಹಿಲ್ಡಾ ಥಾಂಪ್ಸನ್ ಎಂಬಿಬ್ಬರು ಸಂಶೋಧಕಿಯರು ಪ್ರಕಟಿಸಿದ ಅಧ್ಯಯನ. ಅದರಲ್ಲಿದ್ದ ಮೀಸೋಥೀಲಿಯೋಮ ರೋಗಿಗಳಲ್ಲಿ 9 ಮಂದಿಗೆ ಕಲ್ನಾರಿನ ನಂಟು ಮನೆಯವರ ಮೂಲಕ ಬಂದಿತ್ತು. ಹೆಚ್ಚಿನವರು ಗಂಡನ ಬಟ್ಟೆ ಒಗೆದ ಹೆಂಡತಿಯರು. ಇಬ್ಬರು ಮಾತ್ರ ಗಂಡಸರು. ಅವರು ಹುಡುಗರಾಗಿದ್ದಾಗ ಅಕ್ಕಂದಿರು ಕಲ್ನಾರಿನ ಕಾರ್ಖಾನೆಗೆ ಹೋಗುತ್ತಿದ್ದರಂತೆ. ಧೂಳು ಯಾರ ಸೆರಗಿಗೆ ಅಂಟಿ ಬಂದರೂ ಧೂಳೇ.

ಹೆದರಬೇಡಿ. ಕಲ್ನಾರು ಕಾಣದ ಹೆಂಗಸಿಗಿಂತ ನಿಮಗೆ ಅಪಾಯ ಹೆಚ್ಚು, ನಿಜ. ಆದರೆ ರೋಗವೇ ಅಪರೂಪದ್ದು, ಹೀಗೆ ಬಟ್ಟೆ ಒಗೆದ ಬಹುಪಾಲು ಹೆಂಗಸರಿಗೆ ಅದು ಬರುವುದಿಲ್ಲ. ಧೂಳು ಹೊಕ್ಕ 20ರಿಂದ 50 ವರ್ಷಗಳ ಮೇಲೆ ತಲೆಯೆತ್ತುವ ಕಾಯಿಲೆಯಾದ್ದರಿಂದ ಎಚ್ಚರ ಬಿಡುವಂತೆಯೂ ಇಲ್ಲ. ತೊಂದರೆ ಏನೂ ಇಲ್ಲದೆ ವರ್ಷ ವರ್ಷ ಸಿ.ಟಿ. ಸ್ಕ್ಯಾನ್ ಮಾಡಿಸಿ ದುಡ್ಡು ಕಳೆಯಬೇಡಿ. ಎದೆಯ ಒಂದು ಪಕ್ಕ ಬಿಡದೆ ನೋವು, ಏದುಸಿರು, ಕಾರಣವಿಲ್ಲದೆ ಹೊಟ್ಟೆ ಉಬ್ಬುವುದು ಕಂಡರೆ ಮಾತ್ರ ತಡಮಾಡಬೇಡಿ.

ಒಂದು ಮಾತು ಒತ್ತಿ ಹೇಳುತ್ತೇನೆ. ಗಂಡಸು ಬಂದರೆ ನಾವು ವೈದ್ಯರು ಏನು ಕೆಲಸ ಅಂತ ಕೇಳುತ್ತೇವೆ. ಹೆಂಗಸು "ಮನೇಲೇ ಇರ್ತೀನಿ" ಅಂದಳೋ, ಪೆನ್ನು ಮುಂದಿನ ಸಾಲಿಗೆ ಹೋಗಿಬಿಡುತ್ತದೆ. ಶ್ವಾಸಕೋಶದ ಸುತ್ತ ನೀರು ತುಂಬಿದ್ದರೆ ನಮ್ಮ ಕಡೆ ಮೊದಲು ನೆನಪಾಗುವುದು ಟಿ.ಬಿ. ಎಷ್ಟೋ ಸಲ ಅದು ಸರಿಯೇ. ಆದರೂ ಬಟ್ಟೆ ಒಗೆದದ್ದನ್ನು, ಎಷ್ಟು ವರ್ಷ ಎಂಬುದನ್ನು ಯಾರೂ ಕೇಳದಿದ್ದರೂ ನೀವೇ ಹೇಳಿ, ಚೀಟಿಯಲ್ಲಿ ಬರೆಸಿ.

ಇನ್ನು ನೀವು "ಬಿಡಿ" ಅಂದ ಆ ದಮ್ಮು. ನನಗೆ ನಿಮಗಿಂತ ಅವರ ಚಿಂತೆ ಹೆಚ್ಚು. ಬೀಡಿ ಮೀಸೋಥೀಲಿಯೋಮ ತರುವುದಿಲ್ಲ; ಆದರೆ ಬೀಡಿ ಮತ್ತು ಕಲ್ನಾರು ಸೇರಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟಾಗುತ್ತದೆ. ಕೆಲಸಗಾರರ ಆರೋಗ್ಯದ ದಾಖಲೆಯನ್ನು ನಿವೃತ್ತಿಯ ಬಳಿಕವೂ ಕನಿಷ್ಠ 15 ವರ್ಷ ಕಾರ್ಖಾನೆ ಇಟ್ಟಿರಬೇಕೆಂದು ಸುಪ್ರೀಂ ಕೋರ್ಟು 1995ರಲ್ಲೇ ಆದೇಶಿಸಿದೆ. ಅದನ್ನು ಕೇಳಿ ಪಡೆಯಿರಿ. ಈ ವಾರವೇ ಅವರನ್ನು ಎದೆರೋಗದ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಮಗನೂ ಜೊತೆಗೆ ಬರಲಿ.