ತುದಿ ಒಣಗದ ಸ್ಪೈಡರ್ ಗಿಡ ಬೆಳೆಸುವುದು ಹೇಗೆ?



ಲಕ್ಕೂರು ಹೋಬಳಿಯ ಸಂಘಗಳ ಸಭೆಗೆ ಹೋದಾಗಲೆಲ್ಲಾ ನಮಗೆ ಕೇಳಿಬರುವ ಮಾತು ಒಂದಿದೆ. "ಸಿಸ್ಟರ್, ಮನೆ ಹತ್ರಾನೇ ಇದ್ದು ಮಾಡೋ ಕೆಲಸ ಏನಾದ್ರೂ ಹೇಳಿ. ಜಾಗ ಇಲ್ಲ, ನೀರೂ ಇಲ್ಲ." ಹಸು ಕಟ್ಟೋಣ ಎಂದರೆ ಮೇವು ಬೇಕು, ತರಕಾರಿ ಎಂದರೆ ಬೋರ್‌ವೆಲ್ ಬೇಕು. ಹಾಗಾಗಿ ಈ ಪಾಠಕ್ಕೆ ನಾವು ಆರಿಸಿಕೊಂಡಿರುವುದು ಜಗುಲಿಯ ಮೂಲೆಯಲ್ಲಿ, ಹೊಂಗೆ ಮರದ ನೆರಳಿನಲ್ಲಿ ಬೆಳೆಯುವ ಒಂದು ಅಲಂಕಾರದ ಗಿಡವನ್ನು. ನರ್ಸರಿಯವರು ಇದನ್ನು ಸ್ಪೈಡರ್ ಗಿಡ ಅಂತಾರೆ.

ನೋಡಲು ಹುಲ್ಲಿನ ಹಾಗಿದೆ, ಆದರೆ ಹುಲ್ಲಿನ ಜಾತಿಯಲ್ಲ. ಉದ್ದನೆಯ ಎಲೆ, ನಡುವೆ ಅಥವಾ ಅಂಚಿನಲ್ಲಿ ಬಿಳಿ ಪಟ್ಟಿ. ಮೂಲ ಊರು ಆಫ್ರಿಕಾ ಖಂಡ. ಶಾಸ್ತ್ರೀಯ ಹೆಸರು ಕ್ಲೋರೋಫೈಟಮ್ ಕೊಮೋಸಮ್. ಔಷಧಿಗೆ ಬಳಸುವ ಸಫೇದ್ ಮುಸ್ಲಿ ಇದರ ದಾಯಾದಿ. ಆದರೆ ಸ್ಪೈಡರ್ ಗಿಡ ಔಷಧಿಯಲ್ಲ, ಆ ಆಸೆ ಬೇಡ. ಒಂದು ಸಲ ನೆಟ್ಟರೆ ವರ್ಷಗಟ್ಟಲೆ ಇರುತ್ತದೆ. ಕಿತ್ತು ನೋಡಿದರೆ ಬುಡದಲ್ಲಿ ಮೂಲಂಗಿ ಮರಿಯಂಥ ದಪ್ಪ ಬಿಳಿ ಬೇರುಗಳಿರುತ್ತವೆ. ಅದರಲ್ಲಿ ಗಿಡ ನೀರು ಕೂಡಿಟ್ಟುಕೊಳ್ಳುತ್ತದೆ. ನೀವು ಮದುವೆಗೋ ಜಾತ್ರೆಗೋ ಹೋಗಿ ನಾಲ್ಕು ದಿನ ಬಿಟ್ಟು ಬಂದರೂ ಸಾಯುವುದಿಲ್ಲ.

ಮರಿ ಮಾಡುವ ವಿಧಾನ

ಬಲಿತ ಗಿಡದ ನಡುವಿನಿಂದ ಉದ್ದನೆಯ ತಂತಿಯಂಥ ಕಡ್ಡಿ ಹೊರಟು ಕೆಳಗೆ ಬಾಗುತ್ತದೆ. ಅದರಲ್ಲಿ ಸಣ್ಣ ಬಿಳಿ ಹೂವು, ಆಮೇಲೆ ತುದಿಯಲ್ಲಿ ಪುಟ್ಟ ಗಿಡ. ನೇತಾಡುವ ಜೇಡದ ಹಾಗೆ ಕಾಣುವುದರಿಂದಲೇ ಆ ಹೆಸರು. ಈ ಮರಿಯ ಬುಡವನ್ನು ತಿರುಗಿಸಿ ನೋಡಿ. ಸಾಸಿವೆ ಗಾತ್ರದ ಗಂಟುಗಳು ಕಂಡರೆ ಬೇರು ಬರಲು ತಯಾರಾಗಿದೆ ಎಂದರ್ಥ. ಗಂಟು ಇಲ್ಲದ ಮರಿಯನ್ನು ಕತ್ತರಿಸಬೇಡಿ, ಸುಮ್ಮನೆ ಹಾಳು.

ನಮಗೆ ಮೆಚ್ಚಿಗೆಯಾದ ವಿಧಾನ ಇದು. ತಾಯಿ ಕುಂಡದ ಪಕ್ಕದಲ್ಲೇ ಮಣ್ಣು ತುಂಬಿದ ಸಣ್ಣ ಚೀಲ ಇಡಿ. ಮರಿಯನ್ನು ಕಡ್ಡಿಯಿಂದ ಬಿಡಿಸದೆ ಹಾಗೇ ಆ ಮಣ್ಣಿನ ಮೇಲೆ ಕೂರಿಸಿ, ಬಾಗಿಸಿದ ತಂತಿ ಚೂರಿನಿಂದ ಅಥವಾ ತೆಂಗಿನ ಗರಿ ಕಡ್ಡಿಯಿಂದ ಒತ್ತಿ ನಿಲ್ಲಿಸಿ. ಎರಡು ಮೂರು ವಾರದಲ್ಲಿ ಬೇರು ಹಿಡಿಯುತ್ತದೆ. ಮೆಲ್ಲಗೆ ಎಳೆದಾಗ ಬರದಿದ್ದರೆ ಕಡ್ಡಿ ಕತ್ತರಿಸಿ. ಅಲ್ಲಿಯವರೆಗೂ ತಾಯಿಯೇ ಅದಕ್ಕೆ ಉಣಿಸುತ್ತಿರುತ್ತಾಳೆ, ಅದಕ್ಕೇ ನಷ್ಟ ಕಡಿಮೆ. ಮರಿಯನ್ನು ಕತ್ತರಿಸಿ ಲೋಟದ ನೀರಿನಲ್ಲಿ ಇಟ್ಟರೂ ಬೇರು ಬೇಗ ಬರುತ್ತದೆ, ಮಕ್ಕಳಿಗೆ ತೋರಿಸಲು ಚೆನ್ನ. ಆದರೆ ನೀರಿನಲ್ಲಿ ಬಂದ ಬೇರು ಮೃದು. ಹೆಚ್ಚು ದಿನ ಬಿಟ್ಟು ಆಮೇಲೆ ಮಣ್ಣಿಗೆ ಹಾಕಿದರೆ ಗಿಡ ಸೊರಗುತ್ತದೆ.

ಇನ್ನೊಂದು ವಿಧಾನ ಬುಡ ಬಿಡಿಸುವುದು. ಮಜ್ಜಿಗೆ ಹುಲ್ಲಿನ ಗುಂಪನ್ನು ಬಿಡಿಸಿ ನೆಡುವ ಹಾಗೆಯೇ. ಮೊದಲ ಮಳೆಯ ನಂತರ, ಜೂನ್ ಜುಲೈ ಒಳ್ಳೆಯ ಕಾಲ. ಪ್ರತಿ ತುಂಡಿಗೂ ಎಲೆಯ ಸುಳಿ ಮತ್ತು ಬೇರು ಎರಡೂ ಇರಲಿ.

ಬೀಜದ ಗೋಜು ಬೇಡ. ಬೀಜದಿಂದ ಹುಟ್ಟಿದ ಗಿಡಕ್ಕೆ ಸಾಮಾನ್ಯವಾಗಿ ಬಿಳಿ ಪಟ್ಟಿ ಬರುವುದಿಲ್ಲ. ಪಟ್ಟಿ ಇರುವ ಗುಂಪಿನಲ್ಲೇ ಕೆಲವು ಸಲ ಪೂರಾ ಹಸಿರು ಸುಳಿ ಎದ್ದುಬಿಡುತ್ತದೆ. ಅದು ಜೋರಾಗಿ ಬೆಳೆದು ಪಟ್ಟಿ ಗಿಡವನ್ನು ಮುಚ್ಚಿಹಾಕುತ್ತದೆ. ಕಂಡ ಕೂಡಲೇ ಬೇರೆ ಮಾಡಿ.

ಹೊಸ ಗಿಡದಲ್ಲಿ ಮರಿ ಬರುತ್ತಿಲ್ಲ ಎಂದು ಗೊಬ್ಬರ ಸುರಿಯಬೇಡಿ. ಬೇರು ಕುಂಡ ತುಂಬಿ ಸ್ವಲ್ಪ ಇಕ್ಕಟ್ಟಾದ ಮೇಲೆ, ರಾತ್ರಿ ಉದ್ದವಾಗುವ ತಿಂಗಳುಗಳಲ್ಲಿ ಕಡ್ಡಿ ಹೆಚ್ಚು ಹೊರಡುತ್ತದೆ. ರಾತ್ರಿಯೆಲ್ಲಾ ಬೀದಿದೀಪ ಬೀಳುವ ಕಡೆ ಇಟ್ಟರೆ ಕತ್ತಲೆ ಸಾಲದೆ ಮರಿ ಕಡಿಮೆಯಾಗಬಹುದು.

ಮಣ್ಣು ಮತ್ತು ನೆರಳು

ನಮ್ಮ ಕೆಂಪು ಮಣ್ಣು ಎರಡು ಬುಟ್ಟಿ, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಅಥವಾ ಎರೆಗೊಬ್ಬರ ಒಂದು ಬುಟ್ಟಿ, ಮರಳು ಒಂದು ಬುಟ್ಟಿ. ಮರಳು ದುಬಾರಿ ಎನ್ನುವವರು ಇಟ್ಟಿಗೆ ಚೂರನ್ನು ಪುಡಿ ಮಾಡಿ ಹಾಕಿ, ಮಾಲೂರಿನವರಿಗೆ ಇಟ್ಟಿಗೆ ಚೂರಿಗೆ ಬರವೇ? ಚೀಲದ ತಳದಲ್ಲಿ ತೂತು ಇರಲೇಬೇಕು. ನೀರು ನಿಂತರೆ ಆ ದಪ್ಪ ಬೇರು ಕೊಳೆತು ಹೋಗುತ್ತದೆ. ಬೆಳಗಿನ ಎಳೆ ಬಿಸಿಲು ಸರಿ, ಮಧ್ಯಾಹ್ನದ ಬಿಸಿಲು ಬಿದ್ದರೆ ಎಲೆ ಬೆಳ್ಳಗಾಗಿ ಸುಡುತ್ತದೆ. ಬಿಳಿ ಹಿಟ್ಟು ತಿಗಣೆ ಕಂಡರೆ ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಇದು ವಿಷದ ಗಿಡವಲ್ಲ, ಆದರೆ ಮೇಕೆಗೂ ಆ ವಿಷಯ ಗೊತ್ತು. ಬೇಲಿ ಇರಲಿ.

ಎಲೆಯ ತುದಿ ಯಾಕೆ ಕಂದಾಗುತ್ತದೆ?

ಇದೇ ಈ ಪಾಠದ ಮುಖ್ಯ ಭಾಗ, ಗಮನವಿಟ್ಟು ಓದಿ. ಓದಲು ಬಾರದ ಸದಸ್ಯರಿಗೆ ಪ್ರತಿನಿಧಿಗಳು ಓದಿ ಹೇಳಿ.

ಸ್ಪೈಡರ್ ಗಿಡವನ್ನು ಯಾರು ಬೇಕಾದರೂ ಬೆಳೆಸಬಹುದು. ಹಾಗಾಗಿ ಅದಕ್ಕೆ ದೊಡ್ಡ ಬೆಲೆ ಬರುವುದಿಲ್ಲ. ಬೆಲೆ ಇರುವುದು ಎಲೆಗೆ. ತುದಿ ಸುಟ್ಟಂತೆ ಕಂದಾಗಿದ್ದರೆ ಬೆಂಗಳೂರಿನ ಗಿರಾಕಿ ಮುಟ್ಟಿ ನೋಡಿ ಇಟ್ಟುಬಿಡುತ್ತಾರೆ. ನಮ್ಮ ಕಡೆ ಈ ತೊಂದರೆಯ ದೊಡ್ಡ ಕಾರಣ ಬಿಸಿಲಲ್ಲ, ನೀರು.

ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಸಾವಿರ ಅಡಿ ದಾಟಿ ಕೊರೆದು ನೀರು ತೆಗೆಯುತ್ತೇವೆ. ಕಲ್ಲಿನ ಒಳಗೆ ಬಹುಕಾಲ ನಿಂತ ಆ ನೀರಿನಲ್ಲಿ ಫ್ಲೋರೈಡ್ ಕರಗಿರುತ್ತದೆ. ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಇದು ಮಿತಿ ಮೀರಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಸ್ಪೈಡರ್ ಗಿಡ ಈ ಫ್ಲೋರೈಡನ್ನು ತಡೆದುಕೊಳ್ಳುವುದಿಲ್ಲ. ಬೇರು ಹೀರಿದ ನೀರು ಎಲೆಯ ತುದಿಯವರೆಗೆ ಹೋಗಿ ಆವಿಯಾಗುತ್ತದೆ, ಫ್ಲೋರೈಡ್ ಮತ್ತು ಉಪ್ಪು ಅಲ್ಲೇ ಉಳಿಯುತ್ತದೆ. ನೀರು ಕಾಯಿಸುವ ಹಂಡೆಯಲ್ಲಿ ಬಿಳಿ ಕಟ್ಟು ಕಟ್ಟುತ್ತದಲ್ಲ, ಹಾಗೆ. ದಿನ ಕಳೆದಂತೆ ತುದಿ ಸಾಯುತ್ತದೆ.

ನೀರು ಸಾಲದಿದ್ದರೂ, ಗೊಬ್ಬರ ಹೆಚ್ಚಾದರೂ ತುದಿ ಒಣಗುವುದುಂಟು. ಆದ್ದರಿಂದ ಎಲೆ ನೋಡಿ ಫ್ಲೋರೈಡ್ ಎಂದು ತೀರ್ಮಾನಿಸಬೇಡಿ, ಅನುಮಾನ ಪಡಿ. ಜಲಜೀವನ್ ಮಿಷನ್ ಯೋಜನೆಯಲ್ಲಿ ಪ್ರತಿ ಊರಿನ ಐದು ಮಂದಿ ಹೆಂಗಸರಿಗೆ ನೀರು ಪರೀಕ್ಷೆಯ ಕಿಟ್ ಬಳಸುವ ತರಬೇತಿ ಕೊಡಬೇಕೆಂದಿದೆ. ನಿಮ್ಮ ಪಂಚಾಯಿತಿಯಲ್ಲಿ ಕೇಳಿ, ಕೇಳುವುದು ನಿಮ್ಮ ಹಕ್ಕು. ಯಾಕೆಂದರೆ ಗಿಡಕ್ಕೆ ಹಾಕುವ ಆ ನೀರನ್ನೇ ಅಡುಗೆಗೂ ಬಳಸುವ ಮನೆಗಳಿವೆ. ಎಲೆಯ ತುದಿ ಕತ್ತರಿಯಿಂದ ಕತ್ತರಿಸಿದರೆ ಹೋಯಿತು. ಹಲ್ಲು ಮೂಡುವ ವಯಸ್ಸಿನಲ್ಲಿ ಮಗು ಆ ನೀರು ಕುಡಿದರೆ ಹಲ್ಲಿನ ಮೇಲೆ ಬರುವ ಕಂದು ಕಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. 2018ರಿಂದ ಕೆ.ಸಿ. ವ್ಯಾಲಿ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ, "ಈಗ ಬೋರ್‌ನಲ್ಲಿ ನೀರು ಬಂತು" ಎಂದು ಸಂತೋಷಪಡುವವರಿದ್ದಾರೆ. ನೀರು ಬಂದದ್ದು ಬೇರೆ, ನೀರು ಒಳ್ಳೆಯದಾದದ್ದು ಬೇರೆ. ಪರೀಕ್ಷೆ ಮಾಡಿಸದೆ ಹೇಳಲಾಗದು.

"ಕುದಿಸಿ ಹಾಕಿದ್ರೆ ಆಗಲ್ವಾ?" ಎಂದು ಕೇಳುತ್ತೀರಿ. ಆಗುವುದಿಲ್ಲ. ಕುದಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಉಳಿದು ಇನ್ನೂ ಗಟ್ಟಿಯಾಗುತ್ತದೆ. ರಾತ್ರಿಯಿಡೀ ಬಕೆಟ್‌ನಲ್ಲಿ ಇಟ್ಟರೆ ಕ್ಲೋರಿನ್ ವಾಸನೆ ಹೋದೀತು, ಫ್ಲೋರೈಡ್ ಹೋಗದು. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಹಿಂದಿನ ಪೈಪಿನಲ್ಲಿ ಹೊರಬರುವ ನೀರನ್ನು ಹಿಡಿದು ಗಿಡಕ್ಕೆ ಹಾಕುವವರಿದ್ದಾರೆ. ಅದು ಸೋಸಿದ ಮೇಲೆ ಉಳಿದ ನೀರು, ಉಪ್ಪೂ ಫ್ಲೋರೈಡೂ ಅದರಲ್ಲೇ ಹೆಚ್ಚು. ಈ ಗಿಡಕ್ಕೆ ಖಂಡಿತ ಬೇಡ. ಸೂಪರ್ ಫಾಸ್ಫೇಟ್ ಗೊಬ್ಬರದಲ್ಲೂ ಫ್ಲೋರೈಡ್ ಇರುವುದರಿಂದ ಅದೂ ಬೇಡ.

ಉಳಿದದ್ದು ಮಳೆನೀರು. ಲೆಕ್ಕ ಹಾಕೋಣ. ಹತ್ತು ಅಡಿಗೆ ಹತ್ತು ಅಡಿ ಚಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 90 ಲೀಟರ್ ನೀರು. ನಮ್ಮಲ್ಲಿ ವರ್ಷಕ್ಕೆ 700 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಸಣ್ಣ ಚೀಲದ ನೂರು ಗಿಡಕ್ಕೆ ಒಂದು ಸಲಕ್ಕೆ ತಲಾ 100 ಮಿಲಿಲೀಟರ್ ಎಂದರೆ 10 ಲೀಟರ್. ಮೂರು ದಿನಕ್ಕೊಮ್ಮೆ ಹಾಕಿದರೆ 200 ಲೀಟರಿನ ಒಂದು ಡ್ರಮ್ಮು ಎರಡು ತಿಂಗಳು ಬರುತ್ತದೆ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಮೂರು ಡ್ರಮ್ಮು ಸಾಕು. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಟ್ಟು ಆಮೇಲೆ ತುಂಬಿಸಿ. ಡ್ರಮ್ಮಿನ ಬಾಯಿಗೆ ಬಟ್ಟೆ ಬಿಗಿದು ಕಟ್ಟಿ, ಇಲ್ಲವಾದರೆ ಸೊಳ್ಳೆ ಮೊಟ್ಟೆಯಿಟ್ಟು ಡೆಂಗಿ ಜ್ವರ ಬಂದೀತು. ಬೋರ್ ನೀರು ಕುಡಿದ ಹಳೆಯ ಗಿಡಗಳನ್ನು ಜೋರು ಮಳೆಗೆ ಹೊರಗಿಡಿ, ಮಣ್ಣಿನ ಉಪ್ಪು ತೊಳೆದುಹೋಗುತ್ತದೆ. ಕಂದಾದ ತುದಿ ಮತ್ತೆ ಹಸಿರಾಗದು, ಹೊಸ ಎಲೆ ಚೆನ್ನಾಗಿ ಬರುತ್ತದೆ.

ಮಾರಾಟ ಮತ್ತು ಸಾಲದ ಮಾತು

ಈ ಗಿಡಕ್ಕಾಗಿ ಸಂಘದಿಂದ ದೊಡ್ಡ ಸಾಲ ತೆಗೆಯುವುದು ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ನೆರಳು ಪರದೆ ಹಾಕಿಸುತ್ತೇವೆ, ಸಾವಿರ ಸಸಿ ಕೊಡುತ್ತೇವೆ, ನಾವೇ ವಾಪಸ್ ಕೊಳ್ಳುತ್ತೇವೆ ಎಂದು ಬರುವವರನ್ನು ನಂಬಿ ಬ್ಯಾಂಕ್ ಕಡೆ ಓಡಬೇಡಿ. 2003ರ ಸುಮಾರಿನಲ್ಲಿ ವೆನಿಲ್ಲಾ ಬೆಲೆ ಗಗನಕ್ಕೇರಿ, ಎರಡೇ ವರ್ಷದಲ್ಲಿ ನೆಲಕ್ಕೆ ಬಿದ್ದಾಗ ಮಲೆನಾಡಿನ ಎಷ್ಟು ಮನೆಗಳು ನೊಂದವು ಎಂದು ಕೇಳಿದ್ದೇವಲ್ಲ. ಇಲ್ಲಿ ತಾಯಿ ಗಿಡವೇ ಬಂಡವಾಳ. ಐದು ಗಿಡ ಕೊಳ್ಳಿ. ಬಲಿತ ಮೇಲೆ ಒಂದೊಂದು ಹತ್ತು ಮರಿ ಕೊಟ್ಟರೂ ಐವತ್ತಾಯಿತು. ಅದರಲ್ಲಿ ಹತ್ತನ್ನು ಮುಂದಿನ ತಾಯಿಯಾಗಿ ಉಳಿಸಿಕೊಂಡು ಬಾಕಿ ಮಾರಿ. ಚೆನ್ನಾಗಿರುವುದನ್ನೇ ಮೊದಲು ಮಾರುವ ಆಸೆ ಬರುತ್ತದೆ. ಚೆನ್ನಾಗಿರುವ ಹತ್ತು ಮನೆಯಲ್ಲೇ ಉಳಿಯಲಿ.

ಬಿಡಿ ಮಾರಾಟಕ್ಕಿಂತ ಒಟ್ಟು ಮಾರಾಟ ಲಾಭ. ಈಗ ಗೃಹಪ್ರವೇಶ, ನಾಮಕರಣಕ್ಕೆ ಬಂದವರಿಗೆ ಸಣ್ಣ ಗಿಡ ಕೊಡುವ ಪದ್ಧತಿ ಬಂದಿದೆ. ಅವರಿಗೆ ಒಂದೇ ಅಳತೆಯ ಐವತ್ತು, ನೂರು ಗಿಡ ಬೇಕು. ಒಬ್ಬರಿಂದ ಆಗದು, ಹತ್ತು ಸದಸ್ಯರು ಹತ್ತತ್ತು ಗಿಡ ಒಂದೇ ವಾರದಲ್ಲಿ ಚೀಲಕ್ಕೆ ಹಾಕಿದರೆ ಆಗುತ್ತದೆ. ಚೀಲ, ಗೊಬ್ಬರ, ಬಸ್ ಚಾರ್ಜು, ಸತ್ತ ಗಿಡ ಎಲ್ಲಾ ಪುಸ್ತಕದಲ್ಲಿ ಬರೆದು ಆಮೇಲೆ ಬೆಲೆ ಹೇಳಿ. ಹಾಲಿನ ದುಡ್ಡಿಗೆ ಇದು ಸಮವಾಗದು. ಮಕ್ಕಳ ನೋಟ್‌ಪುಸ್ತಕಕ್ಕೆ, ವಾರದ ಉಳಿತಾಯಕ್ಕೆ ಆದೀತು.

ಗಿರಾಕಿಗೆ ಸುಳ್ಳು ಹೇಳಬೇಡಿ. ಈ ಗಿಡ ಮನೆಯ ಗಾಳಿ ಶುದ್ಧ ಮಾಡುತ್ತದೆ ಎಂದು ಹೇಳಿ ಮಾರುವವರು ಬಹಳ. 1989ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಮುಚ್ಚಿದ ಪೆಟ್ಟಿಗೆಯಲ್ಲಿ ಗಿಡಗಳನ್ನಿಟ್ಟು ಪರೀಕ್ಷಿಸಿದ್ದರಿಂದ ಈ ಮಾತು ಹುಟ್ಟಿತು. ಕಿಟಕಿ ಬಾಗಿಲು ಇರುವ ಮನೆಯಲ್ಲಿ ನಾಲ್ಕು ಕುಂಡದಿಂದ ಅಂಥ ಪ್ರಯೋಜನ ಕಾಣದು ಎಂದು 2019ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲಾ ಪರಿಶೀಲಿಸಿದ ವಿಜ್ಞಾನಿಗಳು ಹೇಳಿದ್ದಾರೆ. "ಚೆಂದ ಇದೆ, ಸುಲಭವಾಗಿ ಬದುಕುತ್ತೆ, ಮಳೆನೀರಲ್ಲಿ ಬೆಳೆಸಿದ್ದೇವೆ" ಎನ್ನಿ. ಅಷ್ಟು ಸಾಕು.

ಮುಂದಿನ ಸಭೆಗೆ ಪ್ರತಿಯೊಬ್ಬರೂ ಮನೆಯಲ್ಲಿ ಬಳಸುವ ನೀರನ್ನು ತೊಳೆದ ಬಾಟಲಿಯಲ್ಲಿ ತನ್ನಿ. ಯಾವ ಬೋರ್‌ವೆಲ್‌ನದು ಎಂದು ಚೀಟಿ ಅಂಟಿಸಿ. ಪಂಚಾಯಿತಿಯಿಂದ ಪರೀಕ್ಷೆಯ ಕಿಟ್ ತರುವ ಜವಾಬ್ದಾರಿ ಇಬ್ಬರು ಪ್ರತಿನಿಧಿಗಳದ್ದು. ಬಂದ ಫಲಿತಾಂಶವನ್ನು ನಡವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿ, ಆಮೇಲೆ ಡ್ರಮ್ಮಿನ ಖರ್ಚಿನ ಬಗ್ಗೆ ಮಾತಾಡಿ.