ಯುದ್ಧರಂಗ ತಲುಪುವ ಮೊದಲೇ ಮಡಿದ ಡಚ್ ನೌಕಾ ವೈಮಾನಿಕರು

ಎರಡನೆಯ ಮಹಾಯುದ್ಧ ಎಂದಾಗ ನಮಗೆ ನೆನಪಾಗುವುದು ಪರ್ಲ್ ಹಾರ್ಬರ್, ಸ್ಟಾಲಿನ್‌ಗ್ರಾಡ್, ಹಿರೋಷಿಮಾ. ಆದರೆ ಆ ಯುದ್ಧದಲ್ಲಿ ಪ್ರಾಣ ಬಿಟ್ಟ ವೈಮಾನಿಕರಲ್ಲಿ ಸಾವಿರಾರು ಮಂದಿ ಶತ್ರುವಿನ ಒಂದು ವಿಮಾನವನ್ನೂ ಕಂಡವರಲ್ಲ. ಹಾರಲು ಕಲಿಯುತ್ತಿರುವಾಗಲೇ ಅವರು ಸತ್ತರು. ಬ್ರಿಟಿಷ್ ವಾಯುಪಡೆಯ ಬಾಂಬರ್ ಕಮಾಂಡ್ ಒಂದರಲ್ಲೇ 55,573 ಮಂದಿ ಮಡಿದರು; ಅವರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡದ್ದು ತರಬೇತಿ ಮತ್ತಿತರ ಅಪಘಾತಗಳು. ಅಮೆರಿಕದ ಸೇನಾ ವಾಯುಪಡೆ ತನ್ನ ದೇಶದೊಳಗಿನ ಅಪಘಾತಗಳಲ್ಲೇ ಸುಮಾರು 15 ಸಾವಿರ ಜನರನ್ನು ಕಳೆದುಕೊಂಡಿತು.

ಇಂಥವರಲ್ಲಿ ಒಂದು ಸಣ್ಣ ಗುಂಪು ನೆದರ್ಲ್ಯಾಂಡ್ಸ್ ನೌಕಾಪಡೆಯ ವೈಮಾನಿಕರದು. ಅವರ ಕಥೆಯಲ್ಲಿ ಒಂದು ವಿಶೇಷವಿದೆ. ಕಲಿಯುವುದಕ್ಕೆ ಅವರಿಗೆ ಸ್ವಂತ ನೆಲವೇ ಉಳಿದಿರಲಿಲ್ಲ.

1940ರ ಮೇ 10ರಂದು ಜರ್ಮನಿ ನೆದರ್ಲ್ಯಾಂಡ್ಸ್ ಮೇಲೆ ದಾಳಿ ಮಾಡಿತು. ಐದೇ ದಿನಗಳಲ್ಲಿ ದೇಶ ಶರಣಾಯಿತು. ನೌಕಾಪಡೆಯ ಕೆಲವು ವೈಮಾನಿಕರು ನೀರಿನ ಮೇಲೆ ಇಳಿಯುವ ತಮ್ಮ ಫೋಕರ್ ವಿಮಾನಗಳನ್ನು ಹಾರಿಸಿಕೊಂಡು ಬ್ರಿಟನ್ ಸೇರಿದರು. ಜೂನ್ 1ರಂದು ವೇಲ್ಸ್‌ನ ಪೆಂಬ್ರೋಕ್ ಡಾಕ್‌ನಲ್ಲಿ 320ನೇ ಸ್ಕ್ವಾಡ್ರನ್ ಹುಟ್ಟಿತು. ತಂದದ್ದು ಎಂಟೇ ಫೋಕರ್‌ಗಳು. ಬಿಡಿಭಾಗ ತರಿಸೋಣವೆಂದರೆ ಕಾರ್ಖಾನೆ ಇರುವುದು ಆಮ್‌ಸ್ಟರ್‌ಡ್ಯಾಮಿನಲ್ಲಿ, ಅಂದರೆ ಶತ್ರುವಿನ ಕೈಯಲ್ಲಿ! ಹಾಗಾಗಿ ಅವರು ಬ್ರಿಟಿಷರ ಆನ್ಸನ್, ಅಮೆರಿಕದ ಹಡ್ಸನ್ ವಿಮಾನಗಳಿಗೆ ಬದಲಾಗಬೇಕಾಯಿತು. ನೀರಿನ ಮೇಲೆ ಇಳಿದು ಪಳಗಿದ ಕೈಗಳು ಈಗ ರನ್‌ವೇ ಮೇಲೆ ಇಳಿಯಬೇಕು. ರೇಡಿಯೋದಲ್ಲಿ ಕೇಳುವುದು ಇಂಗ್ಲಿಷ್. ಎತ್ತರ ತೋರಿಸುವ ಮುಳ್ಳು ಮೀಟರಿನಲ್ಲಲ್ಲ, ಅಡಿಯಲ್ಲಿ. ಮಾಧ್ಯಮ ಬದಲಾಯಿಸಿ ಪಿಯುಸಿಗೆ ಬಂದ ವಿದ್ಯಾರ್ಥಿಗೆ ಈ ಕಷ್ಟ ಸ್ವಲ್ಪ ಅರ್ಥವಾಗಬಹುದು. ಆದರೆ ತರಗತಿಯಲ್ಲಿ ತಪ್ಪಾದರೆ ಹೋಗುವುದು ಅಂಕ ಮಾತ್ರ.

ಆಗ ಅವರ ಎರಡನೆಯ ನೆಲೆ ಜಾವಾ. 1942ರ ಮಾರ್ಚ್ ಆರಂಭದಲ್ಲಿ ಜಪಾನ್ ಅದನ್ನೂ ಗೆದ್ದುಕೊಂಡಿತು. ಅಲ್ಲಿಂದ ಆಸ್ಟ್ರೇಲಿಯಾಕ್ಕೆ ತಪ್ಪಿಸಿಕೊಂಡು ಬಂದವರ ಮೇಲೆ ಮಾರ್ಚ್ 3ರಂದು ಬ್ರೂಮ್ ಬಂದರಿನಲ್ಲಿ ಜಪಾನಿ ವಿಮಾನಗಳು ಎರಗಿದವು. ನೀರಿನಲ್ಲಿ ಲಂಗರು ಹಾಕಿದ್ದ 15 ಜಲವಿಮಾನಗಳು ನಾಶವಾದವು. ಅವುಗಳಲ್ಲಿ ಡಚ್ ಹೆಂಗಸರು, ಮಕ್ಕಳೂ ಇದ್ದರು. (ಇಲ್ಲಿ ಒಂದು ಮಾತು ಹೇಳಲೇಬೇಕು. ತಮ್ಮ ದೇಶ ಕಳೆದುಕೊಂಡು ಅಲೆದ ಈ ಡಚ್ಚರು ಇಂಡೋನೇಷ್ಯಾವನ್ನು ಆಳುತ್ತಿದ್ದವರು. 1945ರ ಆಗಸ್ಟ್ 17ರಂದು ಇಂಡೋನೇಷ್ಯಾ ಸ್ವಾತಂತ್ರ್ಯ ಘೋಷಿಸಿದಾಗ ಅದನ್ನು ಒಪ್ಪಲು ಅವರಿಗೆ ನಾಲ್ಕು ವರ್ಷಗಳ ಯುದ್ಧವೇ ಬೇಕಾಯಿತು.)

ಉಳಿದವರು ಚದುರಿದರು. ಕ್ಯಾಟಲಿನಾ ಜಲವಿಮಾನಗಳೊಂದಿಗೆ ಒಂದು ಗುಂಪು ಶ್ರೀಲಂಕಾದ ತ್ರಿಂಕೋಮಲಿ ಬಳಿಯ ಚೈನಾ ಬೇ ಸೇರಿ 321ನೇ ಸ್ಕ್ವಾಡ್ರನ್ ಆಯಿತು. ಇದೇ ಮಾದರಿಯ ಕ್ಯಾಟಲಿನಾಗಳು ಯುದ್ಧಕಾಲದಲ್ಲಿ ರಿಪೇರಿಗಾಗಿ ಬೆಂಗಳೂರಿನ ಎಚ್‌ಎಎಲ್‌ಗೂ ಬರುತ್ತಿದ್ದವು. ಇಳಿಯುತ್ತಿದ್ದುದು ಬೆಳ್ಳಂದೂರು ಕೆರೆಯ ಮೇಲೆ. ಇವತ್ತು ನೊರೆಗೆ ಹೆಸರಾದ ಕೆರೆ ಅದೇ. ಇನ್ನೊಂದು ಗುಂಪು ಹಡಗು ಹತ್ತಿ ಅಮೆರಿಕಕ್ಕೆ ಹೋಯಿತು. ಮಿಸಿಸಿಪ್ಪಿ ರಾಜ್ಯದ ಜಾಕ್ಸನ್ ನಗರದ ಹಾಕಿನ್ಸ್ ಫೀಲ್ಡ್‌ನಲ್ಲಿ 1942ರ ಮೇ ತಿಂಗಳಲ್ಲಿ ಡಚ್ ಸೈನಿಕ ವಿಮಾನ ಶಾಲೆ ಆರಂಭವಾಯಿತು. ನೌಕಾಪಡೆಯವರೂ ಈಸ್ಟ್ ಇಂಡೀಸ್ ಭೂಸೇನೆಯ ವಾಯುದಳದವರೂ ಅಲ್ಲಿ ಜೊತೆಯಾಗಿ ಕಲಿತರು.

ಕಲಿಯುವಾಗ ಏಕೆ ಸಾಯುತ್ತಿದ್ದರು? ಇದಕ್ಕೆ ಉತ್ತರ ನಿಮ್ಮ ಪಠ್ಯಪುಸ್ತಕದಲ್ಲೇ ಇದೆ.

ಮೊದಲು ಭೌತಶಾಸ್ತ್ರ. ರೆಕ್ಕೆ ಎದುರುಗಾಳಿಗೆ ಸುಮಾರು 15 ಡಿಗ್ರಿಗಿಂತ ಹೆಚ್ಚು ಕೋನದಲ್ಲಿ ಎದ್ದು ನಿಂತರೆ ಗಾಳಿಯ ಹರಿವು ಅದರ ಮೇಲ್ಮೈ ಬಿಟ್ಟು ಕಿತ್ತುಹೋಗುತ್ತದೆ. ಎತ್ತುವ ಬಲ ಕುಸಿಯುತ್ತದೆ. ಇದಕ್ಕೆ ಸ್ಟಾಲ್ ಎನ್ನುತ್ತಾರೆ. ನೇರ ಹಾರಾಟದಲ್ಲಿ ಗಂಟೆಗೆ 100 ಕಿ.ಮೀ. ವೇಗಕ್ಕೆ ಇಳಿದಾಗ ಸ್ಟಾಲ್ ಆಗುವ ವಿಮಾನವೊಂದಿದೆ ಎಂದುಕೊಳ್ಳಿ. ಎತ್ತರ ಕಳೆದುಕೊಳ್ಳದೆ ತಿರುಗಲು ಅದನ್ನು 60 ಡಿಗ್ರಿ ವಾಲಿಸಿದರೆ ರೆಕ್ಕೆ ಹೊರಬೇಕಾದ ಭಾರ 1/cos 60°, ಅಂದರೆ ಎರಡು ಪಟ್ಟು. ಎತ್ತುವ ಬಲ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಸ್ಟಾಲ್ ವೇಗ 2ರ ವರ್ಗಮೂಲದಷ್ಟು ಏರುತ್ತದೆ: 141 ಕಿ.ಮೀ. ಅಂದರೆ 120ರಲ್ಲಿ ಸುರಕ್ಷಿತವಾಗಿದ್ದೇನೆ ಎಂದುಕೊಂಡ ಹುಡುಗ ರನ್‌ವೇ ಕಡೆಗೆ ಜೋರಾಗಿ ತಿರುಗಿಸಿದರೆ ಮುಗಿಯಿತು. ಮೇಲೆ ಎರಡು ಕಿಲೋಮೀಟರ್ ಎತ್ತರದಲ್ಲಾದರೆ ಮೂತಿ ಕೆಳಗೆ ಮಾಡಿ ಸರಿಪಡಿಸಿಕೊಳ್ಳಬಹುದು. ಇಳಿಯುವ ಹೊತ್ತಿನಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ.

ಎರಡನೆಯದು ಜೀವಶಾಸ್ತ್ರ. ಕಿವಿಯೊಳಗಿನ ಅರ್ಧವೃತ್ತಾಕಾರದ ನಾಳಗಳಲ್ಲಿನ ದ್ರವ ನಮ್ಮ ತಿರುಗುವಿಕೆಯನ್ನು ಮಿದುಳಿಗೆ ತಿಳಿಸುತ್ತದೆ. ಆದರೆ ಒಂದೇ ಸಮನೆ ತಿರುಗುತ್ತಿದ್ದರೆ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ದ್ರವವೂ ಅದೇ ವೇಗ ಪಡೆಯುತ್ತದೆ. ತಿರುಗುತ್ತಿದ್ದೇವೆಂಬ ಅರಿವೇ ಹೋಗುತ್ತದೆ. ಆಗ ವಿಮಾನವನ್ನು ನೇರ ಮಾಡಿದರೆ ಎದುರು ದಿಕ್ಕಿಗೆ ತಿರುಗಿದಂತೆ ಭಾಸವಾಗುತ್ತದೆ. ನೆಲ ಕಾಣುತ್ತಿದ್ದರೆ ಕಣ್ಣು ಇದನ್ನು ತಿದ್ದುತ್ತದೆ. ಮೋಡದಲ್ಲಿ, ರಾತ್ರಿ ಸಮುದ್ರದ ಮೇಲೆ ತಿದ್ದುವವರಿಲ್ಲ. ಉಪಕರಣಗಳನ್ನು ನಂಬಬೇಕು, ಸ್ವಂತ ಕಿವಿಯನ್ನು ನಂಬಬಾರದು. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ ಇದನ್ನು ಪರೀಕ್ಷಿಸಿತು. ಉಪಕರಣ ನೋಡಿ ಹಾರಿಸುವ ಅಭ್ಯಾಸವಿಲ್ಲದ 20 ಜನರಿಗೆ ಹೊರಗಿನ ನೋಟ ಮರೆಮಾಡಿ ಹಾರಿಸಲು ಬಿಟ್ಟರು. ಇಪ್ಪತ್ತೂ ಜನ ನಿಯಂತ್ರಣ ಕಳೆದುಕೊಂಡರು, ಸರಾಸರಿ 178 ಸೆಕೆಂಡುಗಳಲ್ಲಿ. ಮೂರು ನಿಮಿಷವೂ ಇಲ್ಲ. ವೇಲ್ಸ್, ಸ್ಕಾಟ್ಲೆಂಡ್‌ಗಳ ಆಕಾಶದಲ್ಲಿ ಮೋಡಕ್ಕೆ ಬರವಿಲ್ಲ, ಮೋಡದೊಳಗೆ ಬೆಟ್ಟಕ್ಕೂ ಬರವಿಲ್ಲ.

ನೌಕಾ ವೈಮಾನಿಕರಿಗೆ ಇನ್ನೂ ಎರಡು ಅಪಾಯಗಳಿದ್ದವು. ಗಾಳಿಯೇ ಇಲ್ಲದ ದಿನ ನೀರು ಕನ್ನಡಿಯಂತಿರುತ್ತದೆ. ನಮಗೆ ಅದು ಚೆಂದದ ದೃಶ್ಯ; ಜಲವಿಮಾನ ಇಳಿಸುವವನಿಗೆ ಮೋಸ. ಅಲೆ ಕಾಣದಿದ್ದರೆ ನೀರು ಎರಡು ಮೀಟರ್ ಕೆಳಗಿದೆಯೋ ಇಪ್ಪತ್ತು ಮೀಟರ್ ಕೆಳಗಿದೆಯೋ ಕಣ್ಣಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ಎಂಜಿನ್ ನಿಲ್ಲಿಸದೆ, ನೀರು ತಾಗುವವರೆಗೂ ನಿಧಾನವಾಗಿ ಒಂದೇ ಗತಿಯಲ್ಲಿ ಇಳಿಯುತ್ತ ಬರಬೇಕು. ಇನ್ನೊಂದು ಅಪಾಯ ಹಡಗಿನ ಮೇಲೆ ಇಳಿಯುವುದು. 1943ರ ಜೂನ್‌ನಲ್ಲಿ ಸ್ಕಾಟ್ಲೆಂಡ್‌ನ ಡೊನಿಬ್ರಿಸ್ಟಲ್‌ನಲ್ಲಿ ಡಚ್ಚರ 860ನೇ ಸ್ಕ್ವಾಡ್ರನ್ ರಚನೆಯಾಯಿತು. ಅವರ ಸ್ವೋರ್ಡ್‌ಫಿಶ್ ವಿಮಾನಗಳು ಹಾರಿದ್ದು ಗಾಡಿಲಾ, ಮಕೋಮಾ ಎಂಬ ತೈಲ ಹಡಗುಗಳಿಂದ. ಅವುಗಳ ಮೇಲೆ ಕಟ್ಟಿದ ಅಟ್ಟದ ಉದ್ದ ಸುಮಾರು 140 ಮೀಟರ್. ಅದೂ ಅಟ್ಲಾಂಟಿಕ್‌ನ ಅಲೆಗೆ ಏಳುತ್ತ ಬೀಳುತ್ತ ಇರುವ ಅಟ್ಟ.

ಇವೆಲ್ಲಕ್ಕಿಂತ ದೊಡ್ಡ ಕಾರಣ ಅವಸರ ಎಂದು ನನ್ನ ಅಭಿಪ್ರಾಯ. ಶಾಂತಿಕಾಲದಲ್ಲಾದರೆ ಹವಾಮಾನ ಸರಿಯಿಲ್ಲದ ದಿನ ಪಾಠ ನಿಲ್ಲಿಸಬಹುದು. ಯುದ್ಧದಲ್ಲಿ ಮೋಡವಿದೆ ಎಂದು ಯಾರೂ ಕಾಯುವುದಿಲ್ಲ. ಹಾಗಾಗಿ ಕಡತದಲ್ಲಿ 'ಅಪಘಾತ' ಎಂದು ಬರೆದಿದ್ದರೂ ಆ ಸಾವುಗಳನ್ನು ಯುದ್ಧದ ಲೆಕ್ಕದಿಂದ ಹೊರಗಿಡುವುದು ನ್ಯಾಯವಲ್ಲ.

ಮನೆಯವರಿಗೆ ಸುದ್ದಿ ಮುಟ್ಟಿಸುವುದೂ ಸುಲಭವಿರಲಿಲ್ಲ. ನೆದರ್ಲ್ಯಾಂಡ್ಸ್ ಶತ್ರುವಿನ ವಶದಲ್ಲಿತ್ತು, ಅಂಚೆ ಇರಲಿಲ್ಲ. ರೆಡ್‌ಕ್ರಾಸ್ ಮೂಲಕ ಕಳಿಸಬಹುದಾದ ಸಂದೇಶಕ್ಕೆ 25 ಪದಗಳ ಮಿತಿ. ಅದು ತಲುಪಲು ತಿಂಗಳುಗಳೇ ಬೇಕು. ದೇಶ ಪೂರ್ತಿ ಬಿಡುಗಡೆಯಾದದ್ದು 1945ರ ಮೇ ತಿಂಗಳಲ್ಲಿ.

ಮರುವರ್ಷ ನೆದರ್ಲ್ಯಾಂಡ್ಸ್‌ನಲ್ಲಿ ಯುದ್ಧ ಸಮಾಧಿಗಳ ಪ್ರತಿಷ್ಠಾನ ಸ್ಥಾಪನೆಯಾಯಿತು. ಹಲವು ದೇಶಗಳಲ್ಲಿ ಹರಡಿರುವ ಸುಮಾರು 50 ಸಾವಿರ ಸಮಾಧಿಗಳನ್ನು ಅದು ಇಂದಿಗೂ ನೋಡಿಕೊಳ್ಳುತ್ತಿದೆ. ಜಾಕ್ಸನ್‌ನ ವಿಮಾನ ಶಾಲೆ 1944ರ ಆರಂಭದಲ್ಲೇ ಮುಚ್ಚಿತು. ಅಲ್ಲಿನ ಸೀಡರ್ ಲಾನ್ ಸ್ಮಶಾನದ ಒಂದು ಭಾಗದಲ್ಲಿ ಡಚ್ ಹುಡುಗರ ಸಮಾಧಿಗಳು ಸಾಲಾಗಿವೆ, ಅವರು ಎಂದೂ ಯುದ್ಧ ಮಾಡದ ಒಂದು ಊರಿನಲ್ಲಿ.