ನೆರೆ ಇಳಿದ ಮೇಲೂ ನೆರೆಯವರಾಗಿ



ನೆರೆಯವನು ಯಾರೆಂದು ಧರ್ಮಶಾಸ್ತ್ರಿ ಕೇಳಿದಾಗ ಯೇಸುಸ್ವಾಮಿ ಪ್ರಶ್ನೆಯನ್ನೇ ತಿರುಗಿಸಿದರು: ಗಾಯಾಳುವಿಗೆ ನೆರೆಯವನಾದವನು ಯಾರು? (ಲೂಕ 10:25-37). ಯಾಜಕನೂ ಲೇವಿಯನೂ ದೂರ ಸರಿದರು. ಪರಕೀಯನಾದ ಸಮಾರಿಯದವನು ಹತ್ತಿರ ಬಂದ.

2019ರ ಆಗಸ್ಟ್‌ನಲ್ಲಿ ಪಂಚಗಂಗೆಗೆ ನೆರೆ ಬಂದಾಗ ಕೊಲ್ಹಾಪುರ, ಇಚಲಕರಂಜಿಗಳಲ್ಲಿ ಕನ್ನಡವೋ ಮರಾಠಿಯೋ ಎಂದು ಕೇಳದೆ ಬಾಗಿಲುಗಳು ತೆರೆದವು. ನೀರು ಇಳಿದ ಮೇಲೆ ಮತ್ತೆ ಮುಚ್ಚಿಕೊಂಡವು.

ಇಚಲಕರಂಜಿಯಲ್ಲಿ ರಾತ್ರಿಪಾಳಿ ಮುಗಿಸಿ ಜ್ವರದಲ್ಲಿ ಒಬ್ಬನೇ ಮಲಗಿದ ಪರರಾಜ್ಯದ ಮಗ್ಗದ ಕಾರ್ಮಿಕ, ಗಡಹಿಂಗ್ಲಜದಲ್ಲಿ ಮಕ್ಕಳು ಪುಣೆ, ಮುಂಬೈ ಸೇರಿದ ಮೇಲೆ ಒಂಟಿಯಾದ ಅಜ್ಜಿ: ಇಂದು ದಾರಿಯಲ್ಲಿ ಬಿದ್ದವರು ಇವರೇ. ಅಲ್ಪಸಂಖ್ಯಾತರಾದ ನಾವು ಪೂಜೆಯ ನಂತರ ನಮ್ಮ ಭಾಷೆಯವರೊಡನೆ ಮಾತ್ರ ಮಾತಾಡಿ ಮರಳಿದರೆ ಸಾಲದು. ಈ ವಾರ ಇಂಥದೊಂದು ಬಾಗಿಲು ತಟ್ಟೋಣ. ಭಾಷೆ ಬಾರದಿದ್ದರೂ ಗಂಜಿ ಕೊಡಬಹುದು, ಜೊತೆಗೆ ಕೂರಬಹುದು. ಇನ್ನೊಂದು ನೆರೆ ಬರಲೆಂದು ಕಾಯದಿರೋಣ.